ಬಸಿರಿಗೆ ಮೂರು ತುಂಬಿದಾಗ

ಚಿಂಚೋಳಿ ತಾಲೂಕಿನ ಚಂದ್ರಂಪಳ್ಳಿಯಂಥ ಊರಿನಲ್ಲಾಗಲಿ, ವಾಡಿ, ಶಹಾಬಾದದಂಥ ಪಟ್ಟಣಗಳಲ್ಲಾಗಲಿ, ಮೂರು ತಿಂಗಳು ತುಂಬುವವರೆಗೆ ಬಸಿರಿನ ಸುದ್ದಿಯನ್ನು ಹೊರಗೆಡಹದ ಮನೆಗಳುಂಟು. ದೃಷ್ಟಿ ತಾಕೀತೆಂಬ ಅಂಜಿಕೆ ಸಹಜವೇ. ಆದರೆ ವೈದ್ಯರಿಂದಲೂ ಮುಚ್ಚಿಡುವುದು ಸಲ್ಲದು. 12 ವಾರಗಳೊಳಗೆ ಹೆಸರು ಬರೆಯಿಸಿ, ತಾಯಿ ಕಾರ್ಡು ಪಡೆದು, ರಕ್ತ, ಮೂತ್ರ, ರಕ್ತದೊತ್ತಡಗಳನ್ನು ಪರೀಕ್ಷಿಸಿಕೊಳ್ಳಬೇಕು.

ಆ ವೇಳೆಗೆ ಶಿಶುವಿನ ಉದ್ದ ಸುಮಾರು 5-6 ಸೆಂಟಿಮೀಟರು. ಬೆರಳುಗಳು ಬೇರ್ಪಟ್ಟಿರುತ್ತವೆ; ಅದು ಅಲುಗಾಡುತ್ತಿದ್ದರೂ ತಾಯಿಗೆ ಇನ್ನೂ ತಿಳಿಯದು. ಓಕರಿಕೆ ಬಹುಮಟ್ಟಿಗೆ ಇಳಿದು, ಜೋಳದ ರೊಟ್ಟಿ, ತೊಗರಿಬೇಳೆ ಮತ್ತೆ ರುಚಿಸತೊಡಗುತ್ತವೆ. ನಾಲ್ಕನೆಯ ತಿಂಗಳಿಂದ ಕಬ್ಬಿಣದ ಗುಳಿಗೆ, ದಿನಕ್ಕೊಂದರಂತೆ 180 ದಿನ. ಮಲ ಕಪ್ಪಾದರೆ ಹೆದರಬೇಕಿಲ್ಲ. ಚಹದೊಡನೆ ಮಾತ್ರ ನುಂಗಲಾಗದು; ಚಹವನ್ನು ದೂರವಿಡುವುದೇ ಕಷ್ಟವೆನ್ನುವವರು ಕಡಿಮೆಯೇನಲ್ಲ! ರಕ್ತಸ್ರಾವ ಕಂಡರೆ, ಹೊಟ್ಟೆ ಅತಿಯಾಗಿ ನೊಂದರೆ, ಬೆಳಗಾಗಲೆಂದು ಕಾಯದೆ ಆಸ್ಪತ್ರೆಗೆ ಕರೆದೊಯ್ಯತಕ್ಕದ್ದು.