ಸೊಟ್ಟ ಕೋಣೆಗೊಂದು ನೇರ ನೆಲ

ಇಂಗ್ಲೆಂಡಿನ ಲೆಸ್ಟರ್ ನಗರದಲ್ಲಿರುವ ನಮ್ಮ ಮನೆ ವಿಕ್ಟೋರಿಯಾ ರಾಣಿಯ ಕಾಲದ್ದು. ಹೊರಗಿನಿಂದ ಕೆಂಪು ಇಟ್ಟಿಗೆಯ ಅಚ್ಚುಕಟ್ಟಾದ ಕಟ್ಟಡ. ಒಳಗೆ ಒಂದು ಮೂಲೆಯೂ ಮಟ್ಟಸವಾಗಿಲ್ಲ. ಮುಂಭಾಗದ ಕೋಣೆಯಲ್ಲಂತೂ ಒಂದು ಬದಿಗೆ ಅಗ್ಗಿಷ್ಟಿಕೆಯ ಗೋಡೆ ಮುಂದಕ್ಕೆ ಬಂದಿದೆ. ಬೀದಿಯ ಕಡೆಗೆ ಮೂರು ಮುಖದ ಬೇ ಕಿಟಕಿ ಹೊರಚಾಚಿದೆ.

ಎರಡು ವರ್ಷಗಳ ಹಿಂದೆ ಆರು ತಿಂಗಳ ವೀಸಾದಲ್ಲಿ ತೀರ್ಥಹಳ್ಳಿಯಿಂದ ಬಂದಿದ್ದ ಅಮ್ಮ, ಇದೇ ಕೋಣೆಯ ಬಾಗಿಲಲ್ಲಿ ಕಾರ್ಪೆಟ್ಟಿನ ಅಂಚಿನ ಲೋಹದ ಪಟ್ಟಿಗೆ ಎಡವಿ ಬಿದ್ದು ಮಣಿಕಟ್ಟಿನ ಮೂಳೆ ಮುರಿದುಕೊಂಡರು. ವೃದ್ಧರು ಬೀಳದಂತೆ ಮನೆಯನ್ನು ಹೇಗಿಡಬೇಕೆಂದು ನಿತ್ಯವೂ ಪರರಿಗೆ ಉಪದೇಶಿಸುವ ವೈದ್ಯ ನಾನು. ನನ್ನ ಮನೆಯ ಪಟ್ಟಿ ನನಗೇ ಕಂಡಿರಲಿಲ್ಲ. ಅವರು ಮತ್ತೆ ಬರುವುದರೊಳಗೆ ಓಕ್ ಮರದ ನೆಲ ಹಾಸಬೇಕೆಂದು ನಿಶ್ಚಯಿಸಿದೆ. ಇಲ್ಲಿ ಬಡಗಿಯ ಕೂಲಿ ದುಬಾರಿಯಾದ್ದರಿಂದ ನಾನೇ ಕೆಲಸಕ್ಕಿಳಿದೆ.

ನೇರವಾಗಿ ಕಂಡ ಗೋಡೆಯಿಂದ ಆರಂಭಿಸಿ, 180 ಮಿಲಿಮೀಟರ್ ಅಗಲದ ಹಲಗೆಗಳನ್ನು ಅಂಟು ಹಾಕದೆ ಜೋಡಿಸುತ್ತ ಹೋದೆ. ಹತ್ತೊಂಬತ್ತು ಸಾಲುಗಳ ನಂತರ ಉಳಿದ ಜಾಗ ಕಿಟಕಿಯ ಕಡೆ 86 ಮಿಲಿಮೀಟರ್, ಹಿಂಬದಿಯಲ್ಲಿ ಕೇವಲ 36! ಕೋಣೆಯ ಅಗಲದಲ್ಲೇ 5 ಸೆಂಟಿಮೀಟರ್ ವ್ಯತ್ಯಾಸವಿತ್ತು. ಅಂತಹ ಸಪೂರ ಚೂರು ನೋಡಲು ವಿಕಾರ, ಬಾಳಿಕೆಯೂ ಕಡಿಮೆ.

ಫೋನಿನಲ್ಲಿ ಗೋಳು ಕೇಳಿದ ಅಮ್ಮ ಹೇಳಿದರು: "ನಮ್ಮನೆ ಕಟ್ಟುವಾಗ ಮೇಸ್ತ್ರಿ ಗೋಡೆ ನಂಬ್ತಿರಲಿಲ್ಲ ಕಣೋ, ದಾರ ಕಟ್ಟಿ ನೋಡ್ತಿದ್ದ."

ಮಾತು ಸರಿಯಾಗಿತ್ತು. ಎರಡೂ ತುದಿಗಳಲ್ಲಿ ಅಗಲದ ಮಧ್ಯವನ್ನು ಗುರುತಿಸಿ, ಸುಣ್ಣದ ದಾರದಿಂದ ಗೆರೆ ಹೊಡೆದೆ. ಅದರ ಎರಡೂ ಬದಿಗೆ ಒಂಬತ್ತೊಂಬತ್ತು ಪೂರ್ಣ ಸಾಲುಗಳು. ಉಳಿದದ್ದನ್ನು ಎರಡು ಗೋಡೆಗಳಿಗೂ ಸಮನಾಗಿ ಹಂಚಿದಾಗ ಅಂಚಿನ ಹಲಗೆಗಳ ಅಗಲ 108ರಿಂದ 133 ಮಿಲಿಮೀಟರ್ ಆಯಿತು. ಸೊಟ್ಟು ಮಾಯವಾಗಲಿಲ್ಲ, ಕಣ್ಣಿಗೆ ಬೀಳದಷ್ಟು ಹಂಚಿಹೋಯಿತು.

ಹಳೆಯ ಮನೆ ಕೊಳ್ಳುವವರು ಇನ್ನೂ ಕೆಲವನ್ನು ನೆನಪಿಡಬೇಕು. ಅಗಲವನ್ನು ಒಂದೇ ಕಡೆ ಅಳೆಯದೆ ಹಲವು ಕಡೆ ಅಳೆಯಿರಿ. ತೇವಾಂಶಕ್ಕೆ ಮರ ಹಿಗ್ಗುವುದರಿಂದ ಗೋಡೆಯಂಚಿನಲ್ಲಿ ಸುಮಾರು 12 ಮಿಲಿಮೀಟರ್ ಎಡೆ ಬಿಡಿ. ಅದನ್ನು ಸ್ಕರ್ಟಿಂಗ್ ಮುಚ್ಚುತ್ತದೆ. ಅಕ್ಕಪಕ್ಕದ ಸಾಲುಗಳ ಕೊನೆಯ ಸಂದುಗಳ ನಡುವೆ ಕನಿಷ್ಠ 300 ಮಿಲಿಮೀಟರ್ ಅಂತರವಿರಲಿ. ಬೇ ಕಿಟಕಿಯ ಕೋನಗಳಿಗೆ ಮೊದಲು ರಟ್ಟು ಕತ್ತರಿಸಿ ಕೂರಿಸಿ ನೋಡಿ, ಆಮೇಲೆ ಮರ ಕೊಯ್ಯಿರಿ. ಇಂತಹ ಕೋಣೆಗೆ ಶೇಕಡಾ 15ರಷ್ಟು ಹಲಗೆ ಹೆಚ್ಚು ತರಿಸುವುದು ಕ್ಷೇಮ.

ನನಗೆ ಎಲ್ಲಕ್ಕಿಂತ ಮುಖ್ಯವಾದದ್ದು ಬಾಗಿಲು. 6 ಮಿಲಿಮೀಟರ್ ಪ್ಲೈವುಡ್, ಅದರ ಮೇಲೆ ಅಂಟಿಸಿದ 14 ಮಿಲಿಮೀಟರ್ ಹಲಗೆ, ಒಟ್ಟು 20. ಹಜಾರದ ಟೈಲ್ಸ್ ಮಟ್ಟಕ್ಕೆ ಸರಿಹೊಂದುವಂತೆ ದಪ್ಪವನ್ನು ಮೊದಲೇ ಲೆಕ್ಕ ಹಾಕಿದ್ದೆ.

ಕಳೆದ ತಿಂಗಳು ಅಮ್ಮ ಬಂದರು. ಬಾಗಿಲ ಬಳಿ ಒಂದು ಕ್ಷಣ ನಿಂತು, ಬರಿಗಾಲಿನ ಹೆಬ್ಬೆರಳಿನಿಂದ ಆ ಪಟ್ಟಿಗಾಗಿ ತಡಕಿದರು. ಸಿಗಲಿಲ್ಲ. ಚೌಕಟ್ಟು ಹಿಡಿದಿದ್ದ ಕೈ ಬಿಟ್ಟು ಒಳಗೆ ನಡೆದರು.