ನಮ್ಮ ಮರಗೆಲಸದ ಕೋಣೆಗೆ ಬಂದ ಚೌಕರಂಧ್ರ ಯಂತ್ರ

ನಮ್ಮ ಶಾಲೆಯ ಬೆಂಚುಗಳ ಮೇಲೆ ಕುಳಿತವರಿಗೆಲ್ಲ ಅವುಗಳ ಕಿರುಗುಟ್ಟುವ ದನಿ ಪರಿಚಿತವೇ ಆಗಿದೆ. ಮುಂಬಯಿಯ ಮಳೆಗಾಲದ ತೇವಕ್ಕೆ ಮರ ಹಿಗ್ಗುತ್ತದೆ, ಒಣಹವೆಯಲ್ಲಿ ಕುಗ್ಗುತ್ತದೆ. ಮೊಳೆಯಾದರೋ ಮರದೊಡನೆ ಹಿಗ್ಗದು, ಕುಗ್ಗದು. ಹೀಗಾಗಿ ಅದರ ಹಿಡಿತ ವರ್ಷದಿಂದ ವರ್ಷಕ್ಕೆ ಸಡಿಲುತ್ತದೆ. ಕಳೆದ ವರ್ಷ ಕೆಳತರಗತಿಯ ಬೆಂಚೊಂದರ ಕಾಲು ಕಳಚಿ ಪುಟ್ಟ ಹುಡುಗಿಯೊಬ್ಬಳ ಕೈಗೆ ಪೆಟ್ಟಾಯಿತು. ಅಂದೇ ಮರಗೆಲಸದ ವರ್ಗದವರಾದ ನಾವು, ಹಳೆಯ ಬೆಂಚುಗಳನ್ನು ಮೊಳೆಯ ಹಂಗಿಲ್ಲದೆ ಮತ್ತೆ ಕಟ್ಟಬೇಕೆಂದು ನಿಶ್ಚಯಿಸಿದೆವು.

ಮೊಳೆಯಿಲ್ಲದ ಕೂಡಿಕೆ ಎಂದರೆ ಒಂದು ಮರದಲ್ಲಿ ಚೌಕವಾದ ರಂಧ್ರ, ಇನ್ನೊಂದು ಮರದ ತುದಿಯಲ್ಲಿ ಅದರೊಳಗೆ ಬಿಗಿಯಾಗಿ ಕೂರುವ ನಾಲಿಗೆ. ರಂಧ್ರದ ಅಗಲ ಮರದ ದಪ್ಪದ ಮೂರನೆಯ ಒಂದು ಭಾಗದಷ್ಟಿರುವುದು ವಾಡಿಕೆ. ನಮ್ಮ ಹಿರಿಯರ ಮನೆಗಳ ಬಾಗಿಲುವಾಡಗಳು ಇಂತಹ ಕೂಡಿಕೆಯ ಬಲದಿಂದಲೇ ತಲೆಮಾರುಗಳ ಕಾಲ ನಿಂತಿವೆ. ಆದರೆ ಒಂದು ಬೆಂಚಿಗೆ ಎಂಟು ರಂಧ್ರಗಳಾದರೂ ಬೇಕು. ವಾರಕ್ಕೆ ಎರಡೇ ಅವಧಿಗಳುಳ್ಳ ನಾವು ಉಳಿ ಕೊಡತಿಗಳಿಂದ ಅವನ್ನೆಲ್ಲ ಕೊರೆದು ಮುಗಿಸುವುದೆಂದು? ಯಂತ್ರವೇ ಬೇಕೆನಿಸಿತು. ಹೊಸದಕ್ಕೆ ಹಣ ಸಾಲದು. ಹಳೆಯ ವಿದ್ಯಾರ್ಥಿಗಳು ಕೂಡಿಸಿಕೊಟ್ಟ ಹಣದಿಂದ ಬಳಸಿದ ಯಂತ್ರವೊಂದನ್ನು ಕೊಳ್ಳುವುದೆಂದಾಯಿತು.

ಯಂತ್ರದಿಂದ ಮರ ಕೊರೆಯುವುದು ಹೊಸ ಸಂಗತಿಯೇನಲ್ಲ. ಇಂಗ್ಲೆಂಡಿನ ಪೋರ್ಟ್ಸ್‌ಮತ್ ನೌಕಾಂಗಣದಲ್ಲಿ ಮಾರ್ಕ್ ಬ್ರೂನೆಲ್ ಯೋಜಿಸಿ ಹೆನ್ರಿ ಮಾಡ್‌ಸ್ಲೆ ನಿರ್ಮಿಸಿದ ಯಂತ್ರಗಳು 1808ರ ವೇಳೆಗೆ ಹಡಗುಗಳ ಮರದ ರಾಟೆಗಳನ್ನು ವರ್ಷಕ್ಕೆ ಲಕ್ಷಕ್ಕೂ ಮಿಗಿಲಾಗಿ ತಯಾರಿಸುತ್ತಿದ್ದವು. ಅಲ್ಲಿ ಮೊದಲು ದುಂಡು ತೂತು ಕೊರೆದು, ಅನಂತರ ಬೇರೊಂದು ಯಂತ್ರದ ಉಳಿಯಿಂದ ಅದನ್ನು ಉದ್ದಕ್ಕೆ ಬಿಡಿಸುತ್ತಿದ್ದರು. ನಾವು ಹುಡುಕಿದ ಬಗೆಯ ಯಂತ್ರದಲ್ಲಿ ಎರಡು ಕೆಲಸಗಳೂ ಒಮ್ಮೆಗೇ ಆಗುತ್ತವೆ. ಟೊಳ್ಳಾದ ಚೌಕ ಉಳಿಯೊಳಗೆ ಬೈರಿಗೆ ತಿರುಗುತ್ತದೆ. ಬೈರಿಗೆ ನಡುವಣ ಮರವನ್ನು ಕೊರೆದು ತೆಗೆದಂತೆ, ತಿರುಗದ ಉಳಿಯ ನಾಲ್ಕು ಅಂಚುಗಳು ಮೂಲೆಗಳನ್ನು ಕತ್ತರಿಸುತ್ತವೆ.

ಮೊದಲ ಅಂಗಡಿಯಲ್ಲಿ ಕಂಡ ಯಂತ್ರ ಹೊಸ ಬಣ್ಣದಿಂದ ಥಳಥಳಿಸುತ್ತಿತ್ತು. ನಮ್ಮ ಗುರುಗಳು ಬಣ್ಣವನ್ನು ನೋಡಲಿಲ್ಲ. ತಲೆಯನ್ನು ಎರಡು ಕೈಗಳಿಂದ ಹಿಡಿದು ಪಕ್ಕಕ್ಕೆ ಅಲುಗಿಸಿದರು; ಅದು ಅಲುಗಿತು. ನೇರವಾದ ಕಂಬಿಯನ್ನು ಚಕ್ಕಿಗೆ ಸಿಕ್ಕಿಸಿ ಕೈಯಿಂದ ತಿರುಗಿಸಿದರು. ಅದರ ತುದಿ ಸುತ್ತು ಹಾಕಿತು. "ಇದನ್ನು ಕೊಂಡರೆ ಮಕ್ಕಳ ಹಣವನ್ನು ಕಡಲಿಗೆ ಹಾಕಿದಂತೆ" ಎಂದು ಹೊರಟೇಬಿಟ್ಟರು. ಮತ್ತೊಂದು ಅಂಗಡಿಯ ಮೂಲೆಯಲ್ಲಿದ್ದುದು ತುಕ್ಕು ಹಿಡಿದ ಯಂತ್ರ. ಆದರೆ ಅದರ ತಲೆ ಅಲುಗದೆ ಜಾರಿತು, ಬೇರಿಂಗುಗಳು ಸದ್ದಿಲ್ಲದೆ ತಿರುಗಿದವು. ಮೋಟಾರಿನ ಫಲಕವನ್ನೂ ಓದಿದೆವು. ನಮ್ಮ ಕೋಣೆಯಲ್ಲಿರುವುದು 230 ವೋಲ್ಟಿನ ಒಂದು ಫೇಸಿನ ವಿದ್ಯುತ್ತು. ಮೂರು ಫೇಸಿನ ಮೋಟಾರು ಅಲ್ಲಿ ಹಾಗೆಯೇ ಓಡಲಾರದು. ಇದು ಒಂದು ಫೇಸಿನದೇ ಆಗಿತ್ತು, ಕೊಂಡೆವು.

ತುಕ್ಕು ತೆಗೆದು, ಎಣ್ಣೆ ಹಾಕಿ, ಗಟ್ಟಿ ಮೇಜಿಗೆ ಬೋಲ್ಟುಗಳಿಂದ ಬಿಗಿದೆವು. ವಿದ್ಯುತ್ ಕೆಲಸ ಬಲ್ಲವರನ್ನು ಕರೆಸಿ ಹಳೆಯ ತಂತಿಯನ್ನು ಬದಲಿಸಿ ಅರ್ಥಿಂಗ್ ಮಾಡಿಸಿದೆವು. ಇನ್ನೇನು, ಕೆಲಸ ಆರಂಭಿಸಬಹುದೆಂಬ ಆತುರದಲ್ಲಿ ನಾವು ತಪ್ಪು ಮಾಡಿದೆವು. ಬೈರಿಗೆಯನ್ನು ಉಳಿಯ ಬಾಯಿಗೆ ತಾಗಿಸಿಯೇ ಬಿಗಿದುಬಿಟ್ಟೆವು. ಗುಂಡಿ ಒತ್ತಿದ ಸ್ವಲ್ಪ ಹೊತ್ತಿನಲ್ಲೇ ಕಿವಿಗಡಚಿಕ್ಕುವ ಸದ್ದು, ಹೊಗೆ. ಉಳಿಯ ತುದಿ ನೀಲಿಗಟ್ಟಿತು. ಎಂದರೆ ಕಾವಿನಿಂದ ಉಕ್ಕಿನ ಹದ ಕೆಟ್ಟಿತು. ಗುರುಗಳು ಗದರಲಿಲ್ಲ. ಆ ಉಳಿಯನ್ನು ಗೋಡೆಗೆ ತೂಗಹಾಕಿ, ಸರಿಯಾದ ಕ್ರಮವನ್ನು ತೋರಿಸಿಕೊಟ್ಟರು.

ಆ ಕ್ರಮವಿದು. ಮೊದಲು ವಿದ್ಯುತ್ ಸಂಪರ್ಕವನ್ನು ಕಳಚಬೇಕು. ಉಳಿಯ ಭುಜಕ್ಕೂ ಅದನ್ನು ಹಿಡಿಯುವ ತಲೆಗೂ ನಡುವೆ ತೆಳುವಾದ ನಾಣ್ಯವೊಂದನ್ನಿಟ್ಟು ಉಳಿಯನ್ನು ಬಿಗಿಯಬೇಕು. ಬೈರಿಗೆಯನ್ನು ಉಳಿಯ ಬಾಯಿಗೆ ತಾಗುವವರೆಗೆ ಮೇಲಕ್ಕೆ ತಳ್ಳಿ ಚಕ್ಕಿನಲ್ಲಿ ಭದ್ರಪಡಿಸಬೇಕು. ಅನಂತರ ನಾಣ್ಯವನ್ನು ತೆಗೆದು, ಉಳಿಯನ್ನು ಪೂರ್ತಿ ಮೇಲಕ್ಕೇರಿಸಿ ಮತ್ತೆ ಬಿಗಿದರೆ, ಎರಡಕ್ಕೂ ನಡುವೆ ಒಂದು ಮಿಲಿಮೀಟರಿಗಿಂತ ತುಸು ಹೆಚ್ಚು ಎಡೆ ಉಳಿಯುತ್ತದೆ. ಉಳಿಯ ಬದಿ ಹಿಂಬದಿಯ ಒರಗುಪಟ್ಟಿಗೆ ನೇರವಾಗಿದೆಯೇ ಎಂದು ಮೂಲೆಮಟ್ಟದಿಂದ ನೋಡತಕ್ಕದ್ದು. ಓರೆಯಾದರೆ ರಂಧ್ರದ ಗೋಡೆ ಗರಗಸದ ಹಲ್ಲಿನಂತಾಗುತ್ತದೆ. ಉಳಿಯ ಬದಿಯಲ್ಲಿರುವ ಕಂಡಿ, ಕೊರೆದಾಗಿರುವ ರಂಧ್ರದ ಕಡೆಗೆ ಮುಖಮಾಡಿದ್ದರೆ ಸಿಪ್ಪೆ ಸುಲಭವಾಗಿ ಹೊರಬೀಳುತ್ತದೆ. ಉಳಿ ಮೇಲೇಳುವಾಗ ಮರವನ್ನೂ ಎತ್ತದಂತೆ ಒತ್ತುಪಟ್ಟಿಯಿಂದ ಮರವನ್ನು ಹಿಡಿದಿಡಬೇಕು. ಉದ್ದ ರಂಧ್ರಕ್ಕೆ ಮೊದಲು ಎಡೆಬಿಟ್ಟು ಕೊರೆದು, ನಡುವೆ ಉಳಿದ ಮರವನ್ನು ಆಮೇಲೆ ತೆಗೆಯಬೇಕು. ಹಾಗೆ ಮಾಡಿದರೆ ಉಳಿ ಒಂದೇ ಕಡೆಗೆ ಬಾಗುವ ಭಯವಿಲ್ಲ. ಕಣ್ಣಿಗೆ ಕನ್ನಡಕವಿರಲಿ, ಜೋಲಾಡುವ ಬಟ್ಟೆ ಬೇಡ, ಗುರುಗಳಿಲ್ಲದಾಗ ಯಾರೂ ಗುಂಡಿ ಒತ್ತಬಾರದು.

ಇದುವರೆಗೆ ಆರು ಬೆಂಚುಗಳು ಸಿದ್ಧವಾಗಿವೆ. ಮೊದಲನೆಯದನ್ನು ಆ ಕೆಳತರಗತಿಗೇ ಒಯ್ದಿಟ್ಟೆವು. ಪೆಟ್ಟು ತಿಂದಿದ್ದ ಹುಡುಗಿ ಕುಳಿತುಕೊಳ್ಳುವ ಮುನ್ನ ಎರಡು ಕೈಗಳಿಂದಲೂ ಅದನ್ನು ಅಲುಗಿಸಿ ನೋಡಿದಳು, ಅಂಗಡಿಯಲ್ಲಿ ನಮ್ಮ ಗುರುಗಳು ಯಂತ್ರವನ್ನು ನೋಡಿದಂತೆಯೇ. ಅದು ಅಲುಗಲಿಲ್ಲ. ಉಳಿದ ಬೆಂಚುಗಳನ್ನು ಮುಂದಿನ ವರ್ಷದ ಸಹೋದರ ಸಹೋದರಿಯರಿಗೆ ಒಪ್ಪಿಸಿ ಹೋಗುತ್ತಿದ್ದೇವೆ. ಕೆಲಸಕ್ಕೆ ಕೈಹಚ್ಚುವ ಮೊದಲು ಗೋಡೆಯ ಮೇಲಿನ ನೀಲಿ ಉಳಿಯನ್ನು ಒಮ್ಮೆ ನೋಡಬೇಕೆಂಬುದೇ ಅವರಲ್ಲಿ ನಮ್ಮ ವಿನಂತಿ.