ಮಿಶ್ರ ಕೋವಿ: ಹಗುರವಾದುದನ್ನು ಆರಿಸುವ ಬಗೆ



ಕಳೆದ ತಿಂಗಳು ಒಂದು ಸಂಜೆ ನಮ್ಮ ವಾಚನಾಲಯದ ದೊಡ್ಡ ಮೇಜಿನ ಸುತ್ತ ಸ್ವಾರಸ್ಯವಾದ ವಾದವೊಂದು ನಡೆಯಿತು. ಬೇಟೆಯ ಪುಸ್ತಕವೊಂದನ್ನು ಹಿಂದಿರುಗಿಸಲು ಬಂದ ಗುಮಾಸ್ತ ಮಿತ್ರರೊಬ್ಬರು, ಜರ್ಮನಿಯ ಬೇಟೆಗಾರನು ಒಂದೇ ಕೋವಿಯಿಂದ ಬೆಳಿಗ್ಗೆ ಮೊಲವನ್ನೂ ಸಂಜೆ ಜಿಂಕೆಯನ್ನೂ ಹೊಡೆದನೆಂದು ಓದಿ, "ಇದು ಹೇಗೆ ಸಾಧ್ಯ?" ಎಂದು ಕೇಳಿದರು. ಪತ್ರಿಕೆ ಓದುತ್ತಿದ್ದ ಹಿರಿಯ ಸದಸ್ಯರೊಬ್ಬರು ತಲೆಯೆತ್ತಿದರು. ಅವರು ಧಾರವಾಡದ ಕಡೆಯವರು. ಹಿಂದೆ ಸೈನ್ಯದಲ್ಲಿದ್ದು, ಈಗ ಬ್ಯಾಂಕೊಂದರ ಬಾಗಿಲಲ್ಲಿ ದಿನಕ್ಕೆ ಎಂಟು ತಾಸು ಬಂದೂಕು ಹೊತ್ತು ನಿಲ್ಲುವವರು. "ಒಂದ ಬಂದೂಕಿನಾಗ ಎರಡೂ ನಡೀತಾವ್ರಿ. ಆದ್ರ ಹಗೂರದ್ದು ಬೇಕಂದ್ರ ಭಾಳ ವಿಚಾರ ಮಾಡಬೇಕು. ಹೊರೂವಾಗ ಹಗೂರ ಇದ್ದದ್ದು ಹೊಡಿಯೂವಾಗ ಭಾರ ಆಗತೈತಿ" ಎಂದರು.

ಆ ಮಾತಿನ ಅರ್ಥವನ್ನು ಬಿಡಿಸಿ ಹೇಳಬೇಕೆಂದು ಹಲವರು ಕೇಳಿದ್ದರಿಂದ ಈ ಲೇಖನ. ನಮ್ಮಲ್ಲಿ ಯಾರೂ ಕೋವಿ ಕೊಳ್ಳಲು ಹೊರಟವರಲ್ಲ. ಆದರೂ ಒಂದೇ ಸಾಧನದಿಂದ ಎರಡು ಕೆಲಸ ತೆಗೆಯುವಾಗ ಯಾವುದನ್ನು ಉಳಿಸಿಕೊಳ್ಳಬೇಕು, ಯಾವುದನ್ನು ಬಿಡಬೇಕು ಎಂಬ ಪ್ರಶ್ನೆ ದುಡಿಯುವವರೆಲ್ಲರಿಗೂ ಪರಿಚಿತವಾದುದೇ.

ಮೊದಲು ಎರಡು ಬಗೆಯ ಕೋವಿಗಳ ಭೇದವನ್ನು ತಿಳಿಯೋಣ. ಬ್ಯಾಂಕಿನ ಬಾಗಿಲಲ್ಲಿ ನಾವು ಸಾಮಾನ್ಯವಾಗಿ ಕಾಣುವ 12 ಬೋರಿನದು ಚರೆ ಕೋವಿ. ಅದರ ನಳಿಗೆಯ ಒಳಮೈ ನುಣುಪು. ತೋಟಾದೊಳಗೆ ಸಣ್ಣ ಸೀಸದ ಚರೆಗಳು ನೂರಾರು ಇದ್ದು, ನಳಿಗೆಯಿಂದ ಹೊರಬಿದ್ದೊಡನೆ ಬೀಸಿದ ಬಲೆಯಂತೆ ಹರಡಿಕೊಳ್ಳುತ್ತವೆ. ಹಾರುವ ಹಕ್ಕಿಗೂ ಓಡುವ ಮೊಲಕ್ಕೂ ಇದೇ ಸರಿ. ಆದರೆ ಸುಮಾರು 35 ಮೀಟರು ದಾಟಿದರೆ ಚರೆಗಳು ಚದರಿ ಬಲಗುಂದುತ್ತವೆ. ರೈಫಲ್ಲಿನ ನಳಿಗೆಯೊಳಗೆ ಸುರುಳಿಯಾಗಿ ಕೊರೆದ ಗೀರುಗಳಿರುತ್ತವೆ. ಒಂದೇ ಗುಂಡು ಅವುಗಳನ್ನು ಹಿಡಿದು ಬುಗುರಿಯಂತೆ ತಿರುಗುತ್ತಾ ಹೊರಡುವುದರಿಂದ ದೂರದವರೆಗೂ ನೆಟ್ಟಗೆ ಹೋಗುತ್ತದೆ.

ಬೋರು ಎಂಬ ಲೆಕ್ಕವೂ ಸ್ವಾರಸ್ಯವಾದುದು. ನಳಿಗೆಯ ಬಾಯಿಗೆ ಸರಿಯಾಗಿ ಕೂಡುವ ಸೀಸದ ಗೋಲಿಗಳು ಒಂದು ಪೌಂಡಿಗೆ ಎಷ್ಟು ತೂಗುತ್ತವೆಯೋ ಅದೇ ಬೋರಿನ ಸಂಖ್ಯೆ. ಹನ್ನೆರಡು ಗೋಲಿ ತೂಗಿದರೆ 12 ಬೋರು. ಬಾಯಿಯ ಅಳತೆ ಸುಮಾರು 18.5 ಮಿಲಿಮೀಟರು. ಇಪ್ಪತ್ತು ತೂಗಿದರೆ 20 ಬೋರು, ಅಳತೆ 15.6 ಮಿಲಿಮೀಟರು. ಹೀಗೆ ಸಂಖ್ಯೆ ಏರಿದಂತೆ ಬಾಯಿ ಕಿರಿದಾಗುತ್ತದೆ. .410 ಎಂಬ ಚಿಕ್ಕ ಕೋವಿಯ ಹೆಸರು ಮಾತ್ರ ಈ ಲೆಕ್ಕದ್ದಲ್ಲ. ಅದು ಬಾಯಿಯ ಅಳತೆಯನ್ನೇ ಅಂಗುಲದಲ್ಲಿ ಹೇಳಿದ್ದು.

ಈ ಎರಡು ಬಗೆಯ ನಳಿಗೆಗಳನ್ನು ಒಂದೇ ಹಿಡಿಗೆ ಜೋಡಿಸಿದರೆ ಆಗುವುದನ್ನು ನಾವು ಇಲ್ಲಿ ಮಿಶ್ರ ಕೋವಿ ಎಂದು ಕರೆಯುತ್ತೇವೆ. ನಳಿಗೆಗಳು ಪಕ್ಕಪಕ್ಕದಲ್ಲಿರಬಹುದು, ಒಂದರ ಮೇಲೊಂದಿರಬಹುದು. ಮೂರು ನಳಿಗೆಗಳಿದ್ದರೆ ಜರ್ಮನರು ಅದನ್ನು 'ಡ್ರಿಲ್ಲಿಂಗ್' ಎನ್ನುತ್ತಾರೆ. ಅವರ ಭಾಷೆಯ 'ಡ್ರೈ' ಎಂದರೆ ಮೂರು. ಇವೆಲ್ಲ ನಡುವೆ ಮಡಚಿ ತೋಟಾ ತುಂಬುವ ಕೋವಿಗಳು. ಜರ್ಮನಿಯ ಸೂಲ್, ಆಸ್ಟ್ರಿಯದ ಫೆರ್ಲಾಖ್ ಪಟ್ಟಣಗಳ ಕೋವಿ ಕಮ್ಮಾರರು ಈ ಕಲೆಯಲ್ಲಿ ಹೆಸರಾದವರು.

ಆ ದೇಶಗಳಲ್ಲಿಯೇ ಇದು ಬೆಳೆದುದಕ್ಕೆ ಕಾರಣವುಂಟು. ಅಲ್ಲಿ ಬೇಟೆಗಾರನು ತನಗೆ ಗೊತ್ತುಪಡಿಸಿದ ಕಾಡಿನಲ್ಲಿ ನಡೆಯುವಾಗ ಮುಂದಿನ ತಿರುವಿನಲ್ಲಿ ಮೊಲ ಸಿಕ್ಕೀತೋ, ನರಿ ಸಿಕ್ಕೀತೋ, ರೋ ಎಂಬ ಸಣ್ಣ ಜಿಂಕೆ ಸಿಕ್ಕೀತೋ ಹೇಳಲಾಗದು. ಗೊರಸುಳ್ಳ ಪ್ರಾಣಿಗಳ ಮೇಲೆ ಚರೆ ಹಾರಿಸುವುದನ್ನು ಜರ್ಮನಿಯ ಕಾನೂನು ನಿಷೇಧಿಸುತ್ತದೆ, ಏಕೆಂದರೆ ಚರೆ ತಾಗಿದ ಜಿಂಕೆ ಒಡನೆ ಸಾಯದೆ, ಗಾಯಗೊಂಡು ಪೊದೆ ಸೇರಿ ನರಳುತ್ತದೆ. ಗುಂಡಿಗೂ ಕನಿಷ್ಠ ಬಲವನ್ನು ಗೊತ್ತುಮಾಡಿದ್ದಾರೆ. ನೂರು ಮೀಟರು ದೂರದಲ್ಲಿ ಅದಕ್ಕೆ ರೋ ಜಿಂಕೆಗಾದರೆ 1000 ಜೂಲ್, ಕಾಡುಹಂದಿ ಮೊದಲಾದವುಗಳಿಗೆ 2000 ಜೂಲ್ ಶಕ್ತಿ ಉಳಿದಿರಬೇಕು. ಹಂದಿಯ ಗುಂಡಿನ ಅಳತೆ 6.5 ಮಿಲಿಮೀಟರಿಗೆ ಕಡಿಮೆ ಇರಕೂಡದು.

ಆದುದರಿಂದ ಆರಿಸುವವನು ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಕೋವಿಯ ತೂಕದ್ದಲ್ಲ, ಪ್ರಾಣಿಯದು. ಮೊಲ, ನರಿಗಳಷ್ಟೇ ಆದರೆ .22 ಹಾರ್ನೆಟ್ ಎಂಬ ಸಣ್ಣ ತೋಟಾ ಸಾಕು. ರೋ ಜಿಂಕೆಗೆ ಅದು ಸಾಲದು; .222 ರೆಮಿಂಗ್ಟನ್ ಅಥವಾ 5.6×50 ಆರ್ ಬೇಕಾಗುತ್ತದೆ. ಕಾಡುಹಂದಿಯೂ ಇದ್ದರೆ 7×65 ಆರ್ ನಂತಹ ದೊಡ್ಡ ತೋಟಾ ಬೇಕು. ಇಲ್ಲಿ 'ಆರ್' ಎಂಬ ಅಕ್ಷರವು ತೋಟಾದ ಬುಡದಲ್ಲಿ ಅಂಚು ಇದೆಯೆಂದು ಸೂಚಿಸುತ್ತದೆ. ಮಡಚುವ ಕೋವಿಯಲ್ಲಿ ಖಾಲಿ ತೋಟಾವನ್ನು ಹೊರಗೆಳೆಯುವ ಕೊಕ್ಕೆಗೆ ಆ ಅಂಚು ಒಳ್ಳೆಯ ಹಿಡಿತ ಕೊಡುತ್ತದೆ.

ತೂಕದ ಮಾತು ಬರುವುದು ಇದಾದ ಮೇಲೆ. ಬೆಟ್ಟದ ದಾರಿಯಲ್ಲಿ ಇಡೀ ದಿನ ಹೊರುವವನಿಗೆ ಅರ್ಧ ಕಿಲೋ ಕಡಿಮೆಯಾದರೂ ದೊಡ್ಡ ಉಪಕಾರವೇ. ಆದರೆ ಕೋವಿ ಹಗುರಾದಷ್ಟೂ ಅದರ ಹಿಂದೊದೆತ ಬಲವಾಗುತ್ತದೆ. ತುಂಗಭದ್ರೆಯ ಹರಿಗೋಲಿನಿಂದ ದಡಕ್ಕೆ ಜಿಗಿದವರಿಗೆ ಇದರ ಅನುಭವವಿದ್ದೀತು. ನಾವು ಮುಂದಕ್ಕೆ ಜಿಗಿದಂತೆ ಹರಿಗೋಲು ಹಿಂದಕ್ಕೆ ಸರಿಯುತ್ತದೆ. ಅದು ಹಗುರವಾಗಿದ್ದಷ್ಟೂ ಹೆಚ್ಚು ಸರಿಯುತ್ತದೆ. ತೋಟಾ ಅದೇ ಆಗಿದ್ದು ಕೋವಿಯ ತೂಕ ಅರ್ಧವಾದರೆ, ಭುಜಕ್ಕೆ ಬೀಳುವ ಒದೆತದ ಶಕ್ತಿ ಇಮ್ಮಡಿಯಾಗುತ್ತದೆ.

ಗುಮಾಸ್ತ ಮಿತ್ರರಿಗಾಗಿ ಒಂದು ಲೆಕ್ಕ. ಮೂರು ಕಿಲೋ ತೂಕದ 12 ಬೋರಿನ ಕೋವಿ 32 ಗ್ರಾಂ ಚರೆಯನ್ನು ಹಾರಿಸುತ್ತದೆ ಎನ್ನೋಣ. ಮದ್ದಿನ ತೂಕವನ್ನು ಬದಿಗಿಟ್ಟು, ಚರೆಯ ವೇಗ ಬದಲಾಗದೆಂದು ಭಾವಿಸೋಣ. ತೋಟಾ ಬದಲಿಸದೆ ಕೋವಿಯನ್ನು ಎರಡೂವರೆ ಕಿಲೋಗೆ ಇಳಿಸಿದರೆ ಒದೆತ ಐದರಲ್ಲೊಂದು ಪಾಲು ಹೆಚ್ಚಾಗುತ್ತದೆ. ಅದೇ ಎರಡೂವರೆ ಕಿಲೋ ಕೋವಿಯನ್ನು 20 ಬೋರಿನದಾಗಿ ಮಾಡಿ 26 ಗ್ರಾಂ ಚರೆ ಹಾಕಿದರೆ, ಮೊದಲಿನ ಭಾರವಾದ ಕೋವಿಗಿಂತಲೂ ಒದೆತ ಸುಮಾರು ಐದರಲ್ಲೊಂದು ಪಾಲು ಕಡಿಮೆಯಾಗುತ್ತದೆ. ಈ ವಿಷಯದ ತಿರುಳೆಲ್ಲ ಈ ಲೆಕ್ಕದಲ್ಲಿದೆ. ತೂಕ ಇಳಿಸುವುದಾದರೆ ಮೊದಲು ತೋಟಾದಲ್ಲಿ ಇಳಿಸಬೇಕು, ಆಮೇಲೆ ಕೋವಿಯಲ್ಲಿ.

ಒದೆತವನ್ನು ಸಹಿಸಿಕೊಂಡರಾಯಿತು ಎನ್ನುವಂತಿಲ್ಲ. ಒಮ್ಮೆ ಭುಜಕ್ಕೆ ಪೆಟ್ಟು ತಿಂದವನು ಮುಂದಿನ ಸಲ ಟ್ರಿಗರ್ ಎಳೆಯುವ ಮೊದಲೇ ಕಣ್ಣುಮುಚ್ಚಿ ಮೈ ಬಿಗಿಹಿಡಿಯುತ್ತಾನೆ, ಗುರಿ ತಪ್ಪುತ್ತದೆ. ಗುರಿ ತಪ್ಪಿದ ಗುಂಡು ಪ್ರಾಣಿಗೆ ಗಾಯ ಮಾಡೀತು, ಮನುಷ್ಯನ ಪ್ರಾಣವನ್ನೂ ತೆಗೆದೀತು. ಆದುದರಿಂದ ಹಂದಿಯ ಬೇಟೆಯೂ ಸೇರಿದ್ದರೆ ಮೂರು ಕಿಲೋಗಿಂತ ಕೆಳಗಿಳಿಯದಿರುವುದು ವಿವೇಕ. ರೋ ಜಿಂಕೆ, ನರಿ, ಮೊಲಗಳಿಗಾದರೆ ಮೇಲೆ ಕೆಳಗೆ ಜೋಡಿಸಿದ ಎರಡೇ ನಳಿಗೆ, 20 ಬೋರು, .222 ತೋಟಾ, ಎರಡೂವರೆ ಕಿಲೋ ಆಸುಪಾಸಿನ ತೂಕ: ಇದು ಅಳತೆಯರಿತ ಆಯ್ಕೆ.

ಇನ್ನು ಕೈಗೆತ್ತಿಕೊಂಡು ನೋಡಬೇಕಾದ ಮೂರು ಸಂಗತಿಗಳಿವೆ. ಮೊದಲನೆಯದು ಕಾವು. ಎರಡು ನಳಿಗೆಗಳನ್ನು ಉದ್ದಕ್ಕೂ ಬೆಸೆದಿದ್ದರೆ, ಗುಂಡು ಹಾರಿಸಿದ ನಳಿಗೆ ಬಿಸಿಯಾಗಿ ಹಿಗ್ಗುತ್ತದೆ. ತಣ್ಣಗಿರುವ ಜೊತೆಯ ನಳಿಗೆ ಅದನ್ನು ಹಿಗ್ಗಲು ಬಿಡದೆ ಎಳೆಯುತ್ತದೆ. ಜೋಡಿ ಕೂದಲೆಳೆಯಷ್ಟು ಬಾಗಿದರೂ ಎರಡನೆಯ, ಮೂರನೆಯ ಗುಂಡು ಬೇರೆಡೆಗೆ ಹೋಗುತ್ತದೆ. ತೆಳುವಾದ ಹಗುರ ನಳಿಗೆಗಳಲ್ಲಿ ಈ ದೋಷ ಹೆಚ್ಚು. ನಳಿಗೆಗಳನ್ನು ಬೆಸೆಯದೆ ತುದಿಯಲ್ಲಿ ಬಳೆಯಂತಹ ಹಿಡಿತದಿಂದ ಮಾತ್ರ ಸೇರಿಸಿದ ಕೋವಿಗಳಲ್ಲಿ ಈ ತೊಂದರೆ ಬಹಳ ಕಡಿಮೆ.

ಎರಡನೆಯದು ಹಿಡಿಯ ಆಕಾರ. ಚರೆ ಹಾರಿಸುವವನು ನಳಿಗೆಯ ಮೇಲ್ಮೈ ಉದ್ದಕ್ಕೂ ಕಣ್ಣು ಹಾಯಿಸುತ್ತಾನೆ. ದುರ್ಬೀನಿಟ್ಟು ಗುಂಡು ಹಾರಿಸುವವನ ಕಣ್ಣು ಅದಕ್ಕಿಂತ ಮೇಲಿರಬೇಕು. ಒಂದೇ ಮರದ ಹಿಡಿ ಎರಡಕ್ಕೂ ಪೂರ್ತಿ ಒಗ್ಗದು. ಆದುದರಿಂದ ದುರ್ಬೀನನ್ನು ಒಂದೇ ಚಳಕದಲ್ಲಿ ತೆಗೆದು ಮತ್ತೆ ಅದೇ ಜಾಗದಲ್ಲಿ ಕೂಡಿಸುವ ಏರ್ಪಾಡು ಇರಬೇಕು. ಆ ದುರ್ಬೀನಿನ ತೂಕವನ್ನೂ ಲೆಕ್ಕಕ್ಕೆ ಹಿಡಿಯಬೇಕು. ಹಗುರ ಕೋವಿಯ ಮೇಲೆ ಭಾರದ ದುರ್ಬೀನು ಕೂಡಿಸಿದರೆ ಮೊದಲು ಪಟ್ಟ ಶ್ರಮವೆಲ್ಲ ವ್ಯರ್ಥ.

ಮೂರನೆಯದು ಎಲ್ಲಕ್ಕಿಂತ ಮುಖ್ಯ: ಯಾವ ನಳಿಗೆ ಹಾರುತ್ತದೆಂಬ ನಿಶ್ಚಯ. ಕೆಲವು ಕೋವಿಗಳಿಗೆ ಎರಡು ಟ್ರಿಗರ್, ಕೆಲವಕ್ಕೆ ಒಂದೇ ಟ್ರಿಗರ್ ಮತ್ತು ನಳಿಗೆಯನ್ನು ಆರಿಸುವ ಗುಂಡಿ. ಗಡಿಬಿಡಿಯಲ್ಲಿ ತಪ್ಪು ನಳಿಗೆ ಹಾರಿದರೆ, 35 ಮೀಟರು ದಾಟಿದರೆ ಬಲಗುಂದುವ ಚರೆಯ ಬದಲು ಕಿಲೋಮೀಟರುಗಟ್ಟಲೆ ಹೋಗಬಲ್ಲ ಗುಂಡು ಹೊರಡುತ್ತದೆ. ಕತ್ತಲಲ್ಲಿ, ಚಳಿಗೆ ಮರಗಟ್ಟಿದ ಬೆರಳಿಗೂ ತಪ್ಪದೆ ತಿಳಿಯುವ ಏರ್ಪಾಡೇ ಒಳ್ಳೆಯದು.

ಬೇಟೆಗಿಂತ ಬೇರೆ ಕಾರಣಕ್ಕೂ ಈ ಕೋವಿ ಹಗುರಾಯಿತು. ವಿಮಾನ ಬಿದ್ದು ನಿರ್ಜನ ಪ್ರದೇಶದಲ್ಲಿ ಸಿಕ್ಕಿಕೊಂಡ ಸಿಬ್ಬಂದಿ ಆಹಾರ ದೊರಕಿಸಿಕೊಳ್ಳಲೆಂದು ಅಮೆರಿಕದ ವಾಯುಪಡೆ 1950ರ ದಶಕದಲ್ಲಿ ಎಂ 6 ಎಂಬ ಮಡಚುವ ಕೋವಿಯನ್ನು ಕೊಟ್ಟಿತ್ತು. ಮೇಲೆ .22 ಹಾರ್ನೆಟ್, ಕೆಳಗೆ .410, ನಳಿಗೆ 14 ಅಂಗುಲ, ತೂಕ ಸುಮಾರು ಎರಡೇ ಕಿಲೋ. ಇಷ್ಟು ಹಗುರವಾದರೂ ಒದೆತ ಹೆಚ್ಚಿರಲಿಲ್ಲ, ಏಕೆಂದರೆ ಎರಡು ತೋಟಾಗಳೂ ಸಣ್ಣವು. ನಮ್ಮ ಲೆಕ್ಕಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ.

ರಷ್ಯದ ಸಂಗತಿ ಇನ್ನೂ ಮನಮುಟ್ಟುವಂಥದು. 1965ರ ಮಾರ್ಚ್ 18ರಂದು ಅಲೆಕ್ಸಿ ಲಿಯೊನೊವ್ ಆಕಾಶನೌಕೆಯಿಂದ ಹೊರಬಂದು ಶೂನ್ಯದಲ್ಲಿ ತೇಲಿದ ಮೊದಲ ಮಾನವರಾದರು. ಮರುದಿನ ಅವರೂ ಪಾವೆಲ್ ಬೆಲ್ಯಾಯೆವರೂ ಹಿಂದಿರುಗುವಾಗ ಗುರಿ ತಪ್ಪಿ, ಉರಲ್ ಸೀಮೆಯ ಹಿಮ ತುಂಬಿದ ದಟ್ಟ ಕಾಡಿನಲ್ಲಿ ಇಳಿದು, ಎರಡು ರಾತ್ರಿಗಳನ್ನು ಅಲ್ಲಿಯೇ ಕಳೆಯಬೇಕಾಯಿತು. ತೋಳ, ಕರಡಿಗಳಿರುವ ಆ ಕಾಡಿನಲ್ಲಿ ಅವರ ಬಳಿ ಇದ್ದದ್ದು ಪಿಸ್ತೂಲು ಮಾತ್ರ. ಮುಂದೆ 1986ರಿಂದ ರಷ್ಯದ ಗಗನಯಾತ್ರಿಗಳಿಗೆ ಟಿಪಿ 82 ಎಂಬ ಮೂರು ನಳಿಗೆಯ ಮಿಶ್ರ ಆಯುಧವನ್ನು ಕೊಡಲಾಯಿತು. ಎರಡು ನಳಿಗೆ ಚರೆಗೆ, ಒಂದು ಗುಂಡಿಗೆ. ಕಳಚಿದರೆ ಅದರ ಹಿಡಿಯೇ ಮಚ್ಚು. 2007ರವರೆಗೆ ಅದು ಬಳಕೆಯಲ್ಲಿತ್ತು. ಪ್ರತಿ ಗ್ರಾಂ ತೂಕವನ್ನೂ ಅಳೆದು ಒಯ್ಯುವ ಆಕಾಶನೌಕೆಯಲ್ಲಿ ಅದಕ್ಕೆ ಜಾಗ ಸಿಕ್ಕಿತೆಂದರೆ, ಆ ಎರಡು ರಾತ್ರಿಗಳ ಪಾಠ ಎಷ್ಟೆಂದು ಊಹಿಸಬಹುದು.

ನಮ್ಮ ದೇಶಕ್ಕೂ ಇದರ ಹತ್ತಿರದ ನೆಂಟನೊಂದು ಬಂದಿತ್ತು. ಭಾರತದಲ್ಲಿ ಸೇವೆ ಸಲ್ಲಿಸಿದ್ದ ಕರ್ನಲ್ ಫಾಸ್‌ಬರಿ 1885ರಲ್ಲಿ ಒಂದು ಉಪಾಯಕ್ಕೆ ಪೇಟೆಂಟು ಪಡೆದರು: ನುಣುಪಾದ ನಳಿಗೆಯ ತುದಿಯ ಕೆಲವೇ ಅಂಗುಲಗಳಲ್ಲಿ ಸುರುಳಿ ಗೀರು. ಹಾಲೆಂಡ್ ಅಂಡ್ ಹಾಲೆಂಡ್ ಕಂಪನಿ ಅದನ್ನು 'ಪ್ಯಾರಡಾಕ್ಸ್' ಎಂಬ ಹೆಸರಿನಲ್ಲಿ ತಯಾರಿಸಿತು. ಒಂದೇ ನಳಿಗೆಯಿಂದ ಚರೆಯನ್ನೂ ಗುಂಡನ್ನೂ ಹಾರಿಸಬಹುದಾಗಿದ್ದುದರಿಂದ ಆ ಕಾಲದ ಶಿಕಾರಿಗಳಿಗೆ ಅದು ಅಚ್ಚುಮೆಚ್ಚಾಯಿತು.

ಆ ಕಾಲ ಹೋಯಿತು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯೂ 1991ರ ಅದರ ತಿದ್ದುಪಡಿಯೂ ನಮ್ಮಲ್ಲಿ ಶಿಕಾರಿಯನ್ನು ನಿಲ್ಲಿಸಿವೆ. ಅದು ಒಳ್ಳೆಯದೇ ಆಯಿತು. 1959ರ ಶಸ್ತ್ರಾಸ್ತ್ರ ಕಾಯಿದೆಯಂತೆ ಕೋವಿ ಇಟ್ಟುಕೊಳ್ಳಲು ಪರವಾನಗಿ ಬೇಕು. ಕೊಡಗಿನಲ್ಲಿ ಮಾತ್ರ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಹಿಂದಿನಿಂದ ಬಂದ ವಿನಾಯಿತಿ 2029ರ ಅಕ್ಟೋಬರ್ 31ರವರೆಗೆ ಉಂಟು. ಆದುದರಿಂದ ನಾವು ಹೇಳಿದ್ದು ಕೊಳ್ಳುವ ಸಲಹೆಯಲ್ಲ, ತಿಳಿವಳಿಕೆ ಮಾತ್ರ.

ಈ ಬರಹವನ್ನು ಅಚ್ಚಿಗೆ ಕಳಿಸುವ ಮೊದಲು ಆ ಹಿರಿಯರಿಗೇ ಓದಿ ಹೇಳಿದೆವು. ಅವರು ಎಲ್ಲವನ್ನೂ ಕೇಳಿ, "ಲೆಕ್ಕ ಬರೋಬರಿ ಐತ್ರಿ. ನಾ ಇದನ್ನ ಭುಜದಿಂದ ಕಲಿತಿದ್ದೆ, ನೀವು ಪೆನ್ಸಿಲ್ಲಿನಿಂದ ಕಲಿತೀರಿ" ಎಂದು ನಕ್ಕು, ಪಾಳಿಗೆ ಹೊತ್ತಾಯಿತೆಂದು ಎದ್ದು ಹೋದರು.